ಪಿಕ್ರೆಲ್ ಅವರ ರಿವಾಲ್ವರಿಗೆ ದುರ್ಬೀನು

ಸೆಪ್ಟೆಂಬರ್ 23, 2013, ಸೋಮವಾರ

ಆರು ತಿಂಗಳಾದ ಮೇಲೆ ಇವತ್ತು ನನ್ನ ಬಂದೂಕು ರಿಪೇರಿ ಅಂಗಡಿಗೆ ಒಬ್ಬ ಗಿರಾಕಿ ಬಂದರು. ಬಾಗಿಲ ಮೇಲೆ ‘ಮುಚ್ಚಿದೆ’ ಎಂಬ ಹಲಗೆ ಇತ್ತು. ಅದನ್ನು ಓದಿಯೇ ಒಳಗೆ ಬಂದರು.

ಹೋಬರ್ಟ್ ಪಿಕ್ರೆಲ್. ಈ ಕಣಿವೆಯ ಅರ್ಧ ಜನ ಅವರ ಶಾಲಾ ಬಸ್ಸಿನಲ್ಲಿ ಕೂತು ದೊಡ್ಡವರಾದವರು, ನಾನೂ ಸೇರಿ. ನಾನು ಹನ್ನೆರಡನೇ ವಯಸ್ಸಿನಲ್ಲಿ ಅವರ ಬಸ್ಸು ಹತ್ತಿದಾಗ ಅವರಿಗೆ ಇಪ್ಪತ್ತನಾಲ್ಕು. ಈಗ ನನಗೆ ಐವತ್ತೊಂಬತ್ತು, ಅವರಿಗೆ ಎಪ್ಪತ್ತೊಂದು. ಜೂನಿನಲ್ಲಿ ಅವರ ಹೆಂಡತಿ ಲೊರೇನ್ ತೀರಿಕೊಂಡರು. ನಾನು ಮಣ್ಣಿಗೆ ಹೋಗಲಿಲ್ಲ. ಅದನ್ನು ಅವರು ಎತ್ತಲೂ ಇಲ್ಲ.

ಅಡುಗೆಮನೆಯ ಟವೆಲ್ಲಿನಲ್ಲಿ ಸುತ್ತಿ ತಂದದ್ದನ್ನು ಮೇಜಿನ ಮೇಲೆ ಬಿಚ್ಚಿಟ್ಟರು. ಉದ್ದ ನಳಿಗೆಯ, ದೊಡ್ಡ ಗುಂಡಿನ ನಲವತ್ನಾಲ್ಕು ಮ್ಯಾಗ್ನಮ್ ರಿವಾಲ್ವರ್. ಡಿಸೆಂಬರಿನ ಜಿಂಕೆ ಬೇಟೆಗೆ ಇದಕ್ಕೊಂದು ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಕೂರಿಸಿಕೊಡಬೇಕಂತೆ. ನಮ್ಮ ರಾಜ್ಯದಲ್ಲಿ ಜಿಂಕೆಗೆ ರೈಫಲ್ ಬಳಸಲು ಬಿಡುವುದಿಲ್ಲ. ಶಾಟ್‌ಗನ್ನಿನ ಒದೆತವನ್ನು ಅವರ ಆಪರೇಷನ್ ಆದ ಭುಜ ತಡೆಯುವುದಿಲ್ಲ. ಉಳಿದದ್ದು ಇದು.

“ನಳಿಗೆ ಮೇಲಿನ ಹಿಂದಿನ ಗುರಿಗೂಟ ಕಂಡ್ರೆ ಮುಂದಿನದು ಮಸುಕು. ಮುಂದಿನದು ಕಂಡ್ರೆ ಜಿಂಕೆ ಮಸುಕು,” ಎಂದರು. “ಮೂರರಲ್ಲಿ ಒಂದೇ ಕಾಣೋದು ಅಂತಾದ್ರೆ ನನಗೆ ಜಿಂಕೆ ಕಾಣ್ಲಿ ಸಾಕು.”

ಅಂಗಡಿ ಮುಚ್ಚಿದ್ದೇನೆ ಎಂದೆ.

“ಮುಚ್ಚಿದ ಅಂಗಡೀಲಿ ದೀಪ ಯಾಕಯ್ಯಾ ಉರೀತಿದೆ?”

ರಿವಾಲ್ವರನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟರು. ಹೊರಡುವಾಗ ನನ್ನ ಕೈ ಕುಲುಕಿದರು.

ಈ ನೋಟ್‌ಬುಕ್ಕನ್ನು ನನ್ನ ಹೆಂಡತಿ ಆರ್ಡಿತ್ ಆಗಸ್ಟಿನಲ್ಲಿ ತನ್ನ ತಂಗಿಯ ಮನೆಗೆ ಹೋಗುವಾಗ ಮೇಜಿನ ಮೇಲೆ ಇಟ್ಟು ಹೋಗಿದ್ದಳು. ಹೆಂಡತಿಯ ಹತ್ತಿರ ಮಾತು ಬರದಿದ್ದರೆ ಇದರ ಹತ್ತಿರ ಆಡು ಎಂದಿದ್ದಳು. ಇಷ್ಟು ದಿನ ತೆರೆದಿರಲಿಲ್ಲ. ಇವತ್ತು ಆ ಕೈಕುಲುಕು ನನ್ನ ಅಂಗೈಯನ್ನು ಬಿಟ್ಟು ಹೋಗುತ್ತಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಸೆಪ್ಟೆಂಬರ್ 24, ಮಂಗಳವಾರ

ಲೈಲ್ ಬಾರ್ಟೋನ ವಿಷಯ ಬರೆದೇಬಿಡುತ್ತೇನೆ.

ಮೂವತ್ತು ವರ್ಷದ ಗೆಳೆಯ. ಪಕ್ಕದ ದಿಣ್ಣೆಯ ಮೇಲೆ ಅವನ ಮನೆ. ಮಾರ್ಚಿನಲ್ಲಿ ಅವನ ಪಿಸ್ತೂಲಿನ ಸ್ಪ್ರಿಂಗ್ ಬದಲಿಸಿ ಕೊಟ್ಟೆ. ಹನ್ನೆರಡನೇ ತಾರೀಕು ಬಂದು ತೆಗೆದುಕೊಂಡು ಹೋದ. ಹೋಗುವಾಗ ಕೈ ಕುಲುಕಿದ. ಮೂವತ್ತು ವರ್ಷದಲ್ಲಿ ಅದೊಂದೇ ಸಲ. “ಇದೇನೋ, ಚುನಾವಣೆಗೆ ನಿಂತಿದೀಯಾ?” ಎಂದು ನಾನು ನಕ್ಕಿದ್ದೆ. ಅವನೂ ನಕ್ಕಿದ್ದ.

ಹದಿನಾರನೇ ತಾರೀಕು ಅವನ ಮಗಳು ಫೋನ್ ಮಾಡಿದಳು. ಅಪ್ಪ ಹೋಗಿಬಿಟ್ಟ, ಅದೇ ಪಿಸ್ತೂಲು ಎಂದಳು.

ಪಿಸ್ತೂಲು ಚೆನ್ನಾಗಿ ಕೆಲಸ ಮಾಡುವಂತೆ ಮಾಡಿಕೊಟ್ಟವನು ನಾನು.

ಹೋಬರ್ಟ್‌ರ ರಿವಾಲ್ವರ್ ನನ್ನ ಕಬ್ಬಿಣದ ಕಪಾಟಿನಲ್ಲಿದೆ. ಅಲ್ಲೇ ಇರುತ್ತದೆ. ಅವರಿಗೆ ವಾಪಸು ಕೊಡುವುದಿಲ್ಲ.

ಸೆಪ್ಟೆಂಬರ್ 27, ಶುಕ್ರವಾರ

ಬಂದಿದ್ದರು. ಸ್ಕೋಪ್ ಇನ್ನೂ ಬಂದಿಲ್ಲ, ಕಂಪನಿಯವರು ತಡ ಮಾಡುತ್ತಿದ್ದಾರೆ ಎಂದೆ. ಸ್ಕೋಪ್, ಅದನ್ನು ಹಿಡಿಯುವ ಬಳೆ, ಪಟ್ಟಿ ಎಲ್ಲವೂ ಎರಡು ವರ್ಷದಿಂದ ನನ್ನ ಡ್ರಾಯರಿನಲ್ಲೇ ಇವೆ. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಆಗಲಿಲ್ಲ. “ನಿಧಾನವಾಗೇ ಬರ್ಲಿ ಬಿಡು,” ಎಂದು ಸ್ಟೂಲು ಎಳೆದುಕೊಂಡು ಕೂತರು.

ಒಂದು ಡಬ್ಬಿಯಲ್ಲಿ ಬೀನ್ಸ್ ಸೂಪು ತಂದಿದ್ದರು. ಒಬ್ಬನಿಗೇ ಅಂತ ಅಡುಗೆ ಮಾಡಲು ಬರುವುದಿಲ್ಲವಂತೆ, ಪಾತ್ರೆ ತುಂಬ ಆಗಿಬಿಡುತ್ತದಂತೆ. ಉಪ್ಪು ಜಾಸ್ತಿಯಾಗಿತ್ತು. ಎರಡು ಸಲ ಬಡಿಸಿಕೊಂಡೆ.

ಅಕ್ಟೋಬರ್ 3, ಗುರುವಾರ

ಇವತ್ತು ನಾಲ್ಕು ಮೀನಿನ ಗಾಳದ ಕೋಲು ತಂದು ಗೋಡೆಗೆ ಒರಗಿಸಿದರು. ಇಟ್ಟುಕೋ, ನನಗೆ ಬೇಡ ಎಂದರು. ನಾಯಿಯನ್ನು ಬೇಸಿಗೆಯಲ್ಲೇ ಪಕ್ಕದ ಮನೆಗೆ ಕೊಟ್ಟಿದ್ದಾರಂತೆ.

ಲೈಲ್ ನನಗೆ ಫೆಬ್ರವರಿಯಲ್ಲಿ ತನ್ನ ಒಳ್ಳೆಯ ಗರಗಸ ಕೊಟ್ಟಿದ್ದ. ನಾನು ಖುಷಿಯಿಂದ ತೆಗೆದುಕೊಂಡಿದ್ದೆ.

ಮಲಗಿದರೆ ಇದೇ ತಲೆಯಲ್ಲಿ ಸುತ್ತುತ್ತದೆ. ಹೋಬರ್ಟ್‌ರ ಮೇಲೆ ಒಂದು ಕಣ್ಣಿಟ್ಟಿರಬೇಕು. ನನ್ನ ಬಿಟ್ಟು ಇದು ಇನ್ನು ಯಾರಿಗೂ ಗೊತ್ತಿಲ್ಲ.

ಅಕ್ಟೋಬರ್ 11, ಶುಕ್ರವಾರ

ಎಷ್ಟು ದಿನ ಅಂತ ಕಂಪನಿಯ ಮೇಲೆ ಹಾಕುವುದು? ಮೊನ್ನೆ ಬಂದವರು ಪೊಟ್ಟಣ ಬಂತಾ ಎಂದು ಕೇಳಿದಾಗ ಬಂತು ಎಂದುಬಿಟ್ಟೆ. ಇವತ್ತು ಕೆಲಸ ಹಿಡಿಯಲೇಬೇಕಾಯಿತು.

ಕಬ್ಬಿಣವನ್ನು ಬಿಗಿಯಾಗಿ ಹಿಡಿಯುವ ವೈಸ್‌ನ ದವಡೆಗೆ ಚರ್ಮ ಹಾಕಿ ರಿವಾಲ್ವರನ್ನು ಕಚ್ಚಿಸಿದೆ. ಗುಂಡು ತುಂಬುವ ಸಿಲಿಂಡರ್ ಖಾಲಿ ಇದೆಯೇ ಎಂದು ನಾಲ್ಕು ಸಲ ನೋಡಿದೆ. ಹಿಂದಿನ ಗುರಿಗೂಟವನ್ನು ಬಿಚ್ಚಿ ತೆಗೆದೆ. ಮೇಲಿನ ಕಬ್ಬಿಣ ಎಷ್ಟು ದಪ್ಪ ಎಂದು ಅಳೆದು, ಮೂರು ತೂತಿಗೆ ಗುರುತು ಹಾಕಿ, ಕೊರೆದೆ. ಇಲ್ಲಿ ಕೂದಲೆಳೆಯಷ್ಟು ಓರೆಯಾದರೂ ಸ್ಕೋಪ್ ಆಕಾಶ ನೋಡುತ್ತದೆ, ಇಲ್ಲವೇ ಪಕ್ಕದ ಹೊಲ. ಎಣ್ಣೆ ಬಿಟ್ಟು, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಹೀಗೆ ಒಳಗೆ ಸ್ಕ್ರೂವಿನ ಎಳೆ ಕತ್ತರಿಸುತ್ತ ಹೋದೆ. ಕಬ್ಬಿಣ ತನ್ನಷ್ಟಕ್ಕೆ ದಾರಿ ಬಿಟ್ಟುಕೊಡುವುದು ಬೆರಳಿಗೆ ಗೊತ್ತಾಗುತ್ತದೆ.

ತಲೆಯೆತ್ತಿದಾಗ ಮೂರು ಗಂಟೆ ಕಳೆದಿತ್ತು. ಕೈ ನಡುಗಿರಲಿಲ್ಲ. ಹೋಬರ್ಟ್ ಮೂಲೆಯಲ್ಲಿ ಕೂತು ಹಳೆಯ ಪತ್ರಿಕೆ ಓದುತ್ತಿದ್ದರು. ಅವರು ಬಂದದ್ದೂ ತಿಳಿದಿರಲಿಲ್ಲ.

ಐದು ಗಂಟೆ ನಿದ್ದೆ ಬಂತು.

ಅಕ್ಟೋಬರ್ 19, ಶನಿವಾರ

ಪಟ್ಟಿ ಕೂತಿತು, ಬಳೆ ಕೂತಿತು, ಸ್ಕೋಪ್ ಕೂತಿತು. ಇವರಿಗೆ ಏನೆಂದು ನೆವ ಹೇಳಲಿ ಎಂದು ನಿನ್ನೆಯಿಂದ ಯೋಚಿಸುತ್ತಿದ್ದೆ. ಅದರ ಅಗತ್ಯವೇ ಬರಲಿಲ್ಲ. ಹೋಬರ್ಟ್ ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. ಇದು ಬೆಳ್ಳಿ ಹೊಳೆದ ಹಾಗೆ ಹೊಳೆಯುತ್ತಿದೆ, ಜಿಂಕೆ ಇದರಲ್ಲಿ ಮುಖ ನೋಡಿಕೊಂಡು ಹೋಗುತ್ತದೆ ಎಂದರು. ಹೊಳಪಿಲ್ಲದ ಕಪ್ಪು ಸ್ಕೋಪೇ ಬೇಕಂತೆ. ಅದಕ್ಕೆ ಎರಡು ವಾರ ಬೇಕು ಎಂದೆ.

“ಆಗ್ಲಿ,” ಎಂದರು.

ಎರಡು ವಾರವನ್ನು ಅವರೇ ನನ್ನ ಕೈಗಿಟ್ಟು ಹೋದರು. ಪಾಪದ ಮನುಷ್ಯ.

ಅಕ್ಟೋಬರ್ 20, ಭಾನುವಾರ

ಏನೂ ಇಲ್ಲ. ಯಾರೂ ಬರಲಿಲ್ಲ.

ನವೆಂಬರ್ 2, ಶನಿವಾರ

ಕಪ್ಪು ಸ್ಕೋಪ್ ಬಂತು. ಹಾಕಿದೆ. ಈಗ ಅದು ತುಂಬ ಹಿಂದಕ್ಕಿದೆಯಂತೆ, ಪಟ್ಟಿಯ ಮೇಲೆ ಒಂದು ಕಚ್ಚು ಮುಂದಕ್ಕೆ ಸರಿಸಬೇಕಂತೆ. ರಿವಾಲ್ವರಿನ ಸ್ಕೋಪನ್ನು ತೋಳು ಚಾಚಿ ಹಿಡಿದೇ ನೋಡಬೇಕು, ರೈಫಲಿನ ಹಾಗೆ ಕಣ್ಣಿಗೆ ಒತ್ತಿಕೊಳ್ಳುವುದಲ್ಲ, ಹಾಗಾಗಿ ಅರ್ಧ ಅಂಗುಲದಿಂದ ಏನೂ ಆಗದು ಎಂದು ವಿವರಿಸಿದೆ. ಎಲ್ಲ ಕೇಳಿಸಿಕೊಂಡರು. ಕೇಳಿಸಿಕೊಂಡು, “ಆದ್ರೂ ಸರಿಸಿ ನೋಡು,” ಎಂದರು.

ಸರಿಸಿದೆ. ಆಮೇಲೆ ಹಿಡಿಗೆ ಮರದ ಬದಲು ರಬ್ಬರ್ ಹಾಕಿದರೆ ಹೇಗೆ ಎಂದು ಶುರುಮಾಡಿದರು. ಮೂವತ್ತು ವರ್ಷದಲ್ಲಿ ಇಂಥ ಗಿರಾಕಿಯನ್ನು ಕಂಡಿಲ್ಲ. ನನಗೆ ನಿಜವಾಗಿ ರೇಗಿತು. ಹಾಗಾದರೆ ನೀವೇ ಮಾಡಿಕೊಳ್ಳಿ ಎಂದು ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಎಸೆದೆ. ಅವರು ಅದನ್ನು ಎತ್ತಿ ಅದರ ಜಾಗದಲ್ಲಿ ಇಟ್ಟರು. ಪೊರಕೆ ತೆಗೆದುಕೊಂಡು ಅಂಗಡಿ ಗುಡಿಸಿದರು. ಹೋಗುವಾಗ ಬಾಗಿಲ ಹಲಗೆಯನ್ನು ತಿರುಗಿಸಿ ‘ತೆರೆದಿದೆ’ ಎಂದು ಮಾಡಿ ಹೋಗಿದ್ದಾರೆ. ಸಂಜೆ ನೋಡಿದೆ.

ನವೆಂಬರ್ 6, ಬುಧವಾರ

ಆರ್ಡಿತ್ ಫೋನ್ ಮಾಡಿದ್ದಳು. ಊಟ ಮಾಡುತ್ತಿದ್ದೀಯಾ, ನಿದ್ದೆ ಬರುತ್ತಿದೆಯಾ ಎಂದು ಕೇಳಿದಳು. ಈ ಸಲ ಹೇಳಲು ನನಗೆ ಒಂದು ವಿಷಯ ಇತ್ತು. ಹೋಬರ್ಟ್‌ರ ಕಥೆಯನ್ನೆಲ್ಲ ಹೇಳಿದೆ. ಕೈ ಕುಲುಕಿದ್ದು, ನಾಯಿ ಕೊಟ್ಟಿದ್ದು, ಗಾಳದ ಕೋಲು, ನಾನು ರಿವಾಲ್ವರ್ ಕೊಡದೆ ಹೇಗೆ ದಿನ ದೂಡುತ್ತಿದ್ದೇನೆ ಎಂಬುದು. ಮದುವೆಯಾದ ಮೇಲೆ ಫೋನಿನಲ್ಲಿ ಇಷ್ಟು ಮಾತಾಡಿದ್ದು ಇದೇ ಮೊದಲಿರಬೇಕು.

ಅವಳು ಕೊನೆಯವರೆಗೆ ಕೇಳಿಸಿಕೊಂಡಳು. ಆಮೇಲೆ, “ಅವರ ಬಂದೂಕಿಗೆ ಬೀಗ ಹಾಕಿಟ್ಟಿದೀಯ. ಒಳ್ಳೇದಾಯ್ತು ವೆಂಡೆಲ್. ಆಗಸ್ಟಲ್ಲಿ ನಾನು ಕೇಳಿದ್ದೂ ಆ ಬೀಗದ ಕೈನೇ ಅಲ್ವಾ?” ಎಂದಳು.

ಅದು ಬೇರೆ ವಿಷಯ. ಆಗಸ್ಟಿನಲ್ಲಿ ಅವಳು ಬೆಳಿಗ್ಗೆ ಅಂಗಡಿಗೆ ಬಂದು ನನ್ನನ್ನು ನೋಡಿ, ಕಪಾಟಿನ ಬೀಗದ ಕೈ ಕೊಡು ಎಂದು ಅತ್ತಳು. ನಾನು ಕೂಗಾಡಿದೆ. ನಾನು ಸುಮ್ಮನೆ ಕೂತಿದ್ದೆ, ಅಷ್ಟೇ. ಬಂದೂಕು ರಿಪೇರಿ ಮಾಡುವವನು ಬಂದೂಕಿನ ಮುಂದೆ ಕೂರದೆ ಇನ್ನೆಲ್ಲಿ ಕೂರಬೇಕು?

ನವೆಂಬರ್ 7, ಗುರುವಾರ

ಕಪಾಟಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದೆ. ಎಷ್ಟು ಹೊತ್ತೋ. ಹೋಬರ್ಟ್‌ರ ಪಿಕಪ್ ಗಾಡಿಯ ಸದ್ದು ಕೇಳಿ ಎದ್ದೆ.

ನವೆಂಬರ್ 8, ಶುಕ್ರವಾರ

ಇವತ್ತೂ ಬಂದರು. ಇನ್ನು ದಿನವೂ ಬರುತ್ತೇನೆ ಎಂದಿದ್ದಾರೆ. ಪಾಪ, ಮನೆಯಲ್ಲಿ ಒಬ್ಬರೇ ಇರಲಾಗುತ್ತಿಲ್ಲವೇನೋ.

ನವೆಂಬರ್ 14, ಗುರುವಾರ

ಇನ್ನು ಉಳಿದದ್ದು ಒಂದೇ. ಸ್ಕೋಪ್ ಕೂರಿಸಿದ ಮೇಲೆ ಗುಂಡು ಹಾರಿಸಿ ಗುರಿ ಹೊಂದಿಸಬೇಕು. ಮೊದಲು ಇಪ್ಪತ್ತೈದು ಗಜಕ್ಕೆ, ಆಮೇಲೆ ಐವತ್ತಕ್ಕೆ. ಅದು ಯಾವಾಗಲೂ ನನ್ನ ಕೆಲಸ. ಹಾರಿಸಿ ನೋಡದೆ ನಾನು ಯಾರಿಗೂ ಏನನ್ನೂ ಕೊಟ್ಟವನಲ್ಲ. ಲೈಲ್‌ನ ಪಿಸ್ತೂಲನ್ನೂ ಹಾರಿಸಿ ನೋಡಿಯೇ ಕೊಟ್ಟದ್ದು. ಅದಾದ ಮೇಲೆ ನಾನು ಒಂದು ಗುಂಡೂ ಹಾರಿಸಿಲ್ಲ.

ಹಿತ್ತಿಲ ಹೊಲದಲ್ಲಿ ಮರಳಿನ ಚೀಲ ಜೋಡಿಸಿದೆವು. ಹೋಬರ್ಟ್ ಕಾಗದದ ಗುರಿಯನ್ನು ಹಲಗೆಗೆ ಅಂಟಿಸಿ ಬಂದರು. ನಾನು ಕೂತೆ. ರಿವಾಲ್ವರನ್ನು ಚೀಲದ ಮೇಲಿಟ್ಟು ಸ್ಕೋಪಿನಲ್ಲಿ ನೋಡಿದೆ. ಸ್ಕೋಪಿನ ಎರಡು ಗೆರೆ ಕೂಡುವ ಜಾಗ ಕಾಗದದ ಮೇಲೆ ಒಂದು ಕಡೆ ನಿಲ್ಲಲಿಲ್ಲ. ರಿವಾಲ್ವರನ್ನು ಕೆಳಗಿಟ್ಟೆ.

ಇವತ್ತು ಮೋಡ ಇದೆ, ಬೆಳಕು ಸಾಲದು ಎಂದೆ.

ಹೋಬರ್ಟ್ ಮೇಲೆ ನೋಡಿದರು. ಆಕಾಶದಲ್ಲಿ ಹತ್ತಿಯಷ್ಟೂ ಮೋಡ ಇರಲಿಲ್ಲ.

“ಹೌದು, ಮೋಡ ಕವೀತಿದೆ,” ಎಂದು ಮರಳಿನ ಚೀಲ ಎತ್ತಿಕೊಂಡರು.

ನವೆಂಬರ್ 18, ಸೋಮವಾರ

ಹೇಳಿಬಿಟ್ಟೆ.

ಬೆಳಿಗ್ಗೆ ಕಾಫಿ ಕುಡಿಯುವಾಗ ಅವರೇ ಎತ್ತಿದರು. ಬೇಟೆ ಶುರುವಾಗಲು ಎರಡೇ ವಾರ ಇದೆ, ಗುರಿ ಹೊಂದಿಸಲು ನಿನಗೆ ಆಗದಿದ್ದರೆ ಕೊಡು, ನಾನೇ ಮನೆಯ ಹಿಂದೆ ಹೊಂದಿಸಿಕೊಳ್ಳುತ್ತೇನೆ ಎಂದರು. ಕೊಡುವುದಿಲ್ಲ ಎಂದೆ. ಯಾಕೆ ಎಂದರು. ಸ್ಕ್ರೂ ಎಂದೆ, ಅಂಟು ಒಣಗಬೇಕು ಎಂದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಬಸ್ಸಿನ ಕನ್ನಡಿಯಲ್ಲಿ ಹಿಂದಿನ ಸೀಟಿನವರನ್ನು ನೋಡುತ್ತಿದ್ದರಲ್ಲ, ಹಾಗೆ. ನನಗೆ ತಡೆಯಲಾಗಲಿಲ್ಲ.

“ಕೊಟ್ರೆ ನೀವು ಉಳಿಯೋದಿಲ್ಲ ಅಂತ ಭಯ ನನಗೆ,” ಎಂದೆ. “ಲೈಲ್ ಹಾಗೇ ಮಾಡ್ದ. ನಾನು ಕೊಟ್ಟೆ, ಅವನು ತಗೊಂಡು ಹೋದ. ನೀವೂ ಕೈ ಕುಲುಕಿದ್ರಿ. ನಾಯೀನ ಕೊಟ್ಬಿಟ್ರಿ. ಹೋಬರ್ಟ್, ಸಾಯೋ ಯೋಚನೆ ಇದೆಯಾ ನಿಮಗೆ? ನೇರವಾಗಿ ಹೇಳಿ.”

ಒಂದೋ ಹೊಡೆಯುತ್ತಾರೆ, ಇಲ್ಲ ಎದ್ದು ಹೋಗುತ್ತಾರೆ ಎಂದುಕೊಂಡೆ. ಅವರು ಕಪ್ಪನ್ನು ಕೆಳಗಿಟ್ಟರು.

“ಜುಲೈನಲ್ಲಿ ಕೇಳಿದ್ದಿದ್ರೆ ಹೌದು ಅಂತಿದ್ದೆ,” ಎಂದರು.

ಆಮೇಲೆ ನಿಧಾನವಾಗಿ ಹೇಳಿದರು. ಲೊರೇನ್ ಹೋದ ಮೇಲೆ ಆ ಮನೆಯಲ್ಲಿ ಅವರಿಗೆ ಸಂಜೆಗಳು ಕಳೆಯುತ್ತಿರಲಿಲ್ಲ. ರಿವಾಲ್ವರ್ ಮಂಚದ ಪಕ್ಕದ ಡ್ರಾಯರಿನಲ್ಲಿತ್ತು. ಅದು ಅಲ್ಲಿದೆ ಎಂಬುದನ್ನು ಒಂದು ಗಳಿಗೆಯೂ ಮರೆಯಲಾಗುತ್ತಿರಲಿಲ್ಲ. ಹೊಳೆಗೆ ಎಸೆಯೋಣವೆಂದರೆ ಅದು ಅವರ ಅಪ್ಪನದು. ಮಗಳಿಗೆ ಕೊಡೋಣವೆಂದರೆ ಯಾಕೆ ಎಂದು ಕೇಳುತ್ತಾಳೆ. ನಾಯಿಯನ್ನು ಕೊಟ್ಟದ್ದು ಆ ದಿನಗಳಲ್ಲಿ ಅದಕ್ಕೆ ಅನ್ನ ಹಾಕುವುದೇ ಮರೆತುಹೋಗುತ್ತಿತ್ತು ಎಂದು.

“ಮನೆಯಿಂದ ಅದನ್ನ ಆಚೆ ಹಾಕ್ಬೇಕಿತ್ತು ಕಣಯ್ಯಾ. ನಿನ್ನ ಹತ್ರ ಇಟ್ಕೋ ಅಂತ ಹೇಳೋಕೆ ನಾಚಿಕೆ. ಸ್ಕೋಪ್ ಹಾಕು ಅನ್ನೋಕೆ ನಾಚಿಕೆ ಇಲ್ವಲ್ಲ.”

“ಹಾಗಾದ್ರೆ ಆ ಹೊಳಪು? ರಬ್ಬರ್ ಹಿಡಿ?”

“ನೀನು ಬೇಗ ಬೇಗ ಮುಗಿಸ್ಬಿಟ್ರೆ ನಾನೇನು ಮಾಡ್ಲಿ?”

ನಾನು ಡ್ರಾಯರ್ ಎಳೆದು ಹಳೆಯ ಸ್ಕೋಪಿನ ಪೆಟ್ಟಿಗೆ ತೋರಿಸಿದೆ. ಕಂಪನಿಯಿಂದ ಏನೂ ತಡವಾಗಿರಲಿಲ್ಲ ಎಂದೆ. ಅವರು ಆ ಪೆಟ್ಟಿಗೆಯ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿ ನೋಡಿದರು. ಇಬ್ಬರೂ ನಗಬೇಕಿತ್ತು. ನಗು ಬರಲಿಲ್ಲ. ಅವರು ಪೆಟ್ಟಿಗೆಯನ್ನು ಮತ್ತೆ ಡ್ರಾಯರಿಗೆ ಹಾಕಿದರು. ನಾನು ಕಿಟಕಿಯ ಹೊರಗೆ ನೋಡುತ್ತ ನಿಂತೆ.

“ಈಗ?” ಎಂದೆ.

“ಈಗ ದಿನದಿನಕ್ಕೆ. ಇವತ್ತು ಇಲ್ಲ. ನಾಳೆದು ನಾಳೆ ಕೇಳು.”

ನವೆಂಬರ್ 19, ಮಂಗಳವಾರ

ಕೇಳಿದೆ. ಇಲ್ಲ ಎಂದರು.

ನವೆಂಬರ್ 20, ಬುಧವಾರ

ಇಲ್ಲ. ನಿನಗೆ ಕೇಳಲು ಬೇರೆ ಏನೂ ಸಿಗುವುದಿಲ್ಲವಾ ಎಂದೂ ಅಂದರು.

ನವೆಂಬರ್ 23, ಶನಿವಾರ

ಗುರಿ ಹೊಂದಿಸಿದೆವು.

ಮೊದಲ ಗುಂಡು ನಾನೇ ಹಾರಿಸಿದೆ. ಹೋಬರ್ಟ್ ಪಕ್ಕದಲ್ಲಿ ಕೂತು ಅವಸರ ಮಾಡಲಿಲ್ಲ, ಧೈರ್ಯವೂ ಹೇಳಲಿಲ್ಲ. ಹುಡುಗನಾಗಿದ್ದಾಗ ನಾನು ಒಂದು ಸಲ ಬಸ್ಸಿನಲ್ಲಿ ವಾಂತಿ ಮಾಡಿಕೊಂಡಿದ್ದನ್ನು ಯಾಕೋ ನೆನಪಿಸಿದರು. ಆಗ ನಾನು ಎರಡು ನಿಲ್ದಾಣ ತಡೆದುಕೊಂಡು ಕೂತಿದ್ದೆನಂತೆ. ಮೊದಲೇ ಹೇಳಿದ್ದರೆ ಬಸ್ಸು ನಿಲ್ಲಿಸುತ್ತಿದ್ದೆ ಎಂದರು. ಆಮೇಲೆ ಹಾರಿಸಿದೆ. ಒದೆತಕ್ಕೆ ಮೊಣಕೈವರೆಗೆ ಜುಮ್ಮೆಂದಿತು. ಕಿವಿಗೆ ಮುಚ್ಚಳ ಇದ್ದರೂ ಸದ್ದು ಎದೆಯಲ್ಲಿ ಕೇಳಿಸಿತು. ಕಣ್ಣು ಬಿಟ್ಟಾಗ ಹೊಲ ಹೊಲದ ಹಾಗೇ ಇತ್ತು. ಕಾಗದದಲ್ಲಿ ಎಡಗಡೆ ಮೇಲೆ ಒಂದು ತೂತು.

ಆರು ಗುಂಡಿಗೆ ಮುಂದಿನ ಬಳೆಯ ಒಂದು ಸ್ಕ್ರೂ ಸಡಿಲವಾಯಿತು. ಈ ರಿವಾಲ್ವರಿನ ಒದೆತಕ್ಕೆ ಎಲ್ಲವೂ ಸಡಿಲವಾಗುತ್ತದೆ. ಬಿಚ್ಚಿ, ಎಣ್ಣೆ ಒರೆಸಿ, ಎಳೆಗೆ ಒಂದೊಂದು ತೊಟ್ಟು ಅಂಟು ಹಾಕಿ ಮತ್ತೆ ಬಿಗಿದೆ. ಊಟ ಮುಗಿಸಿ ಬಂದು ಮತ್ತೆ ಕೂತೆವು. ಸಂಜೆಯ ಹೊತ್ತಿಗೆ ಐವತ್ತು ಗಜದಲ್ಲಿ ಹೋಬರ್ಟ್‌ರ ಐದು ಗುಂಡು ಒಂದು ಸಾಸರಿನಷ್ಟು ಜಾಗದೊಳಗೆ ಬಿದ್ದವು. ಇನ್ನು ಬೇಟೆಗೆ ಹೋಗದಿರಲು ನಮ್ಮಿಬ್ಬರ ಹತ್ತಿರವೂ ನೆವ ಉಳಿದಿಲ್ಲ.

ರಿವಾಲ್ವರ್ ಕಪಾಟಿಗೆ ಹೋಯಿತು. ಬೇಟೆಯ ದಿನ ಬೆಳಿಗ್ಗೆ ಕೊಡುತ್ತೇನೆ, ಸಂಜೆ ವಾಪಸು ತರಬೇಕು. ಇದು ನಮ್ಮ ಒಪ್ಪಂದ.

ನವೆಂಬರ್ 28, ಗುರುವಾರ, ಥ್ಯಾಂಕ್ಸ್‌ಗಿವಿಂಗ್ ಹಬ್ಬ

ಅಡುಗೆಮನೆಯ ಮೇಜಿಗೆ ಇಬ್ಬರು ಮುದುಕರು, ಒಂದು ಹಂದಿ ಮಾಂಸದ ತುಂಡು, ಪೇಟೆಯಿಂದ ಕೊಂಡು ತಂದ ಕುಂಬಳಕಾಯಿಯ ಸಿಹಿ ಪೈ. ಹೋಬರ್ಟ್‌ರ ಮಗಳು ಟೆಕ್ಸಸ್‌ನಿಂದ ಫೋನ್ ಮಾಡಿದಳು. ನನಗೆ ಆರ್ಡಿತ್ ಮಾಡಿದಳು. ನಾನು ಎರಡು ಮಾತಾಡಿದ ಮೇಲೆ ಹೋಬರ್ಟ್ ಕೈ ಚಾಚಿ ಫೋನ್ ಇಸಿದುಕೊಂಡರು. ಹೊರಗೆ ಜಗಲಿಗೆ ಹೋಗಿ ಅರ್ಧ ಗಂಟೆ ಮಾತಾಡಿದರು. ಬಾಗಿಲಿನ ಗಾಜಿನಿಂದ ನೋಡಿದೆ, ತಲೆಯಾಡಿಸುತ್ತಿದ್ದರು. ಏನು ಅಷ್ಟೊಂದು ಎಂದು ಕೇಳಿದರೆ ಪೈ ಮಾಡುವುದು ಹೇಗೆಂದು ಕೇಳಿದೆ ಎಂದರು.

ಡಿಸೆಂಬರ್ 2, ಸೋಮವಾರ

ಬೇಟೆಯ ಮೊದಲ ದಿನ. ಮಂಜು ಮಳೆ. ಹೋಬರ್ಟ್‌ರ ಕಾಡಿನ ಅಂಚಿನಲ್ಲಿ ಒಂದೇ ಮರದ ಬುಡಕ್ಕೆ ಬೇರೆ ಬೇಟೆಗಾರರಿಗೆ ಕಾಣುವಂತೆ ಕಿತ್ತಳೆ ಬಣ್ಣದ ಕೋಟು ಹಾಕಿಕೊಂಡು ಕೂತೆವು. ನಾನು ಬಂದೂಕು ಒಯ್ದಿರಲಿಲ್ಲ. ದೂರದಲ್ಲಿ ಬೇರೆಯವರ ಗುಂಡು ಕೇಳಿಸಿತು, ನಮ್ಮ ಕಡೆ ಅಳಿಲೂ ಬರಲಿಲ್ಲ. ಕಾಲ್ಬೆರಳು ಮರಗಟ್ಟಿದವು. ಖುಷಿಯೆನ್ನಲಾರೆ. ಆದರೆ ಇಡೀ ದಿನ ಲೈಲ್ ನೆನಪಿಗೆ ಬರಲಿಲ್ಲ, ಮನೆಗೆ ಬಂದ ಮೇಲೆ ಅದು ಗೊತ್ತಾಗಿ ಗಾಬರಿಯಾಯಿತು.

ಡಿಸೆಂಬರ್ 4, ಬುಧವಾರ

ಬರೆಯಲು ತುಂಬ ಇದೆ.

ಬೆಳಿಗ್ಗೆ ಎಂಟೂವರೆಗೆ ಮೂರು ಹೆಣ್ಣು ಜಿಂಕೆ ತೊರೆ ದಾಟಿ ಮೇಲೆ ಬಂದವು. ಹೋಬರ್ಟ್ ರಿವಾಲ್ವರನ್ನು ಮೊಣಕಾಲಿನ ಮೇಲೆ ಊರಿ, ಎರಡೂ ಕೈ ಚಾಚಿ ಸ್ಕೋಪಿನಲ್ಲಿ ನೋಡಿದರು. ಹಾರಿಸಲಿಲ್ಲ. ಮೊದಲನೆಯದು ಹೋಯಿತು. ಎರಡನೆಯದೂ ಹೋಯಿತು. ಬಿಡುತ್ತಾರೆ ಎಂದುಕೊಂಡೆ. ಕೊನೆಯದು ದೊಡ್ಡದು, ಎಲೆ ಕೆದಕುತ್ತ ನಲವತ್ತು ಗಜದಲ್ಲಿ ಅಡ್ಡ ನಿಂತಿತು. ಅವರು ಉಸಿರು ಬಿಟ್ಟರು. ಹಾರಿಸಿದರು.

ಜಿಂಕೆ ಒಮ್ಮೆ ಕುಪ್ಪಳಿಸಿ ಇಳಿಜಾರಿನಲ್ಲಿ ಓಡಿತು. ಅರ್ಧ ಗಂಟೆ ಕಾದು, ರಕ್ತದ ಗುರುತು ಹಿಡಿದು ಇಳಿದೆವು. ಎಪ್ಪತ್ತು ಹೆಜ್ಜೆಗೇ ಬಿದ್ದಿತ್ತು. ಹೋಬರ್ಟ್ ಮಂಡಿಯೂರಿ ಅದರ ಕತ್ತಿನ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಇದ್ದರು. ಲೊರೇನ್ ಬೆನ್ನಿನ ಮಾಂಸವನ್ನು ಬೆಣ್ಣೆಯಲ್ಲಿ ಹುರಿಯುತ್ತಿದ್ದರಂತೆ, ಬೇರೆ ಏನನ್ನೂ ಹಾಕುತ್ತಿರಲಿಲ್ಲವಂತೆ. ಇಬ್ಬರೂ ಸೇರಿ ಹೊಟ್ಟೆ ಸೀಳಿ ಹಸನು ಮಾಡಿದೆವು. ಚಳಿಯಲ್ಲಿ ಆ ಬಿಸಿಗೆ ಬೆರಳುಗಳಿಗೆ ಜೀವ ಬಂತು. ಪಿಕಪ್ಪಿನವರೆಗೆ ಎಳೆದು ತರುವಷ್ಟರಲ್ಲಿ ಮಧ್ಯಾಹ್ನವಾಯಿತು.

ಹಿಂದಿನ ಹಲಗೆ ಇಳಿಸಿ ಅದರ ಮೇಲೆ ಕೂತು ಬ್ರೆಡ್ಡು ತಿಂದೆವು. ಹೋಬರ್ಟ್ ಸಿಲಿಂಡರ್ ತೆರೆದು ಗುಂಡೆಲ್ಲ ತೆಗೆದು ಜೇಬಿಗೆ ಹಾಕಿಕೊಂಡು, ಖಾಲಿ ರಿವಾಲ್ವರನ್ನು ನನ್ನ ತೊಡೆಯ ಮೇಲಿಟ್ಟರು. ನಿನ್ನ ಕಪಾಟಿನಲ್ಲೇ ಇರಲಿ, ಮುಂದಿನ ವರ್ಷ ಕೇಳುತ್ತೇನೆ ಎಂದರು. ಆಗಲಿ ಎಂದೆ. ನನಗೆ ಹೆಮ್ಮೆಯೇ ಆಯಿತು. ಒಬ್ಬನನ್ನಾದರೂ ಕಾಯ್ದೆ ಎನಿಸಿತು.

“ನನ್ನದು ನಿನ್ನ ಹತ್ರ ಇದೆ,” ಎಂದರು ಹೋಬರ್ಟ್. “ನಿನ್ನವು ಯಾರ ಹತ್ರ ಇವೆ?”

ನನಗೆ ಅರ್ಥವಾಗಲಿಲ್ಲ. ನನ್ನವು ಕಪಾಟಿನಲ್ಲಿವೆ ಎಂದೆ.

“ಬೀಗದ ಕೈ?”

ನಾನು ಜೇಬಿನ ಗೊಂಚಲನ್ನು ಮುಟ್ಟಿ ನೋಡಿಕೊಂಡೆ.

“ಹೋದ ತಿಂಗಳು, ಒಂದು ಗುರುವಾರ. ನಾನು ಬಂದಾಗ ನೀನು ಕಪಾಟಿನ ಮುಂದಿಂದ ಎದ್ದು ಬಂದೆ. ಸ್ಟೂಲು ಅಲ್ಲೇ ಇತ್ತು. ನಿನ್ನ ಮುಖ ನೋಡಿದೆ ನಾನು. ಜುಲೈನಲ್ಲಿ ದಿನಾ ಕನ್ನಡೀಲಿ ನೋಡ್ತಿದ್ದ ಮುಖ ಅದು. ಅವತ್ತಿಂದ ಒಂದು ದಿನಾನೂ ತಪ್ಪಿಸಿಲ್ಲ ನಾನು.” ಬ್ರೆಡ್ಡಿನ ತುಂಡನ್ನು ಪಕ್ಕಕ್ಕಿಟ್ಟರು. “ನೀನು ಕೇಳಿದ್ದನ್ನೇ ಕೇಳ್ತೀನಿ ವೆಂಡೆಲ್. ನೇರವಾಗಿ ಹೇಳು. ಸಾಯೋ ಯೋಚನೆ ಇದೆಯಾ ನಿನಗೆ?”

ಇಲ್ಲ ಎನ್ನಲು ಬಾಯಿ ತೆರೆದೆ. ಆ ಮಾತು ಹೊರಗೆ ಬರಲಿಲ್ಲ. ಎಷ್ಟು ಹೊತ್ತಾದರೂ ಬರಲಿಲ್ಲ. ಬಂದದ್ದು ಅಳು. ಲೈಲ್‌ನ ಮಗಳು ಫೋನ್ ಮಾಡಿದ ದಿನದಿಂದ ನಾನು ಅತ್ತಿರಲಿಲ್ಲ. ಹೋಬರ್ಟ್ ನನ್ನ ಬೆನ್ನಿನ ಮೇಲೆ ಕೈಯಿಟ್ಟು, ಎದುರಿನ ಮರಗಳನ್ನು ನೋಡುತ್ತ ಕೂತರು. ಆ ಕೈಗೆ ಇನ್ನೂ ಜಿಂಕೆಯ ವಾಸನೆ ಇತ್ತು.

ಮನೆಗೆ ಬಂದು ಅಂಗಡಿಗೆ ಹೋದೆವು. ರಿವಾಲ್ವರನ್ನು ಒಳಗಿಟ್ಟು ಬೀಗ ಹಾಕಿದೆ. ಕಪಾಟಿಗೆ ಎರಡು ಬೀಗದ ಕೈ. ಒಂದು ನನ್ನ ಗೊಂಚಲಿನಲ್ಲಿ, ಇನ್ನೊಂದು ಬಣ್ಣದ ಡಬ್ಬಿಗಳ ಹಿಂದೆ. ಎರಡನೆಯದನ್ನು ಹುಡುಕಿ ತೆಗೆದೆ. ಅದೊಂದನ್ನು ಹೇಳದೇ ಇರಬಹುದಿತ್ತು. ಎರಡನ್ನೂ ಅವರ ಕೈಗೆ ಹಾಕಿದೆ.

ಕೆಲಸ ಹೇಗೆ ಮಾಡುವುದು ಎಂದು ಕೇಳಿದೆ.

“ಎಂಟಕ್ಕೆ ಬಂದು ತೆಗೀತೀನಿ. ಐದಕ್ಕೆ ಹಾಕ್ಕೊಂಡು ಹೋಗ್ತೀನಿ. ಮೂವತ್ತನಾಲ್ಕು ವರ್ಷ ನಾನು ಯಾವ ನಿಲ್ದಾಣಕ್ಕೂ ತಡವಾಗಿ ಹೋದವನಲ್ಲ,” ಎಂದರು. ಲೊರೇನ್‌ರನ್ನು ಕೊನೆಯ ದಿನಗಳಲ್ಲಿ ನೋಡುತ್ತಿದ್ದ ಡಾಕ್ಟರಮ್ಮ ಬೇಸಿಗೆಯಲ್ಲಿ ಹೋಬರ್ಟ್‌ರನ್ನು ಒಬ್ಬರ ಹತ್ತಿರ ಕಳಿಸಿದ್ದರಂತೆ, ಆ ವಿಳಾಸ ಬರೆದುಕೊಟ್ಟರು. ಮನಸ್ಸು ಹಗುರಾಗುವಂತೆ ಮಾತಾಡಿಸುವವರಂತೆ. ಹೋಬರ್ಟ್ ಈಗಲೂ ಮಂಗಳವಾರ ಹೋಗುತ್ತಾರಂತೆ. ನನ್ನ ಹತ್ತಿರ ಹಲ್ಲಿನ ಡಾಕ್ಟರು ಎಂದು ಹೇಳುತ್ತಿದ್ದರು.

ಡಿಸೆಂಬರ್ 5, ಗುರುವಾರ

ಎಂಟಕ್ಕೆ ಎರಡು ನಿಮಿಷ ಇರುವಾಗ ಪಿಕಪ್ ಬಂತು. ಬೀಗ ತೆಗೆದರು. ನಾನು ಒಬ್ಬರ ಶಾಟ್‌ಗನ್ನಿನ ಬಿರುಕುಬಿಟ್ಟ ಹಿಡಿಯನ್ನು ಕೈಗೆತ್ತಿಕೊಂಡೆ. ಮಾರ್ಚಿನಿಂದ ಕಾಯುತ್ತಿತ್ತು.

ಹನ್ನೊಂದು ಗಂಟೆಗೆ ಆರ್ಡಿತ್‌ಗೆ ನಾನೇ ಫೋನ್ ಮಾಡಿದೆ. ಜಿಂಕೆ ಸಿಕ್ಕಿದ್ದು ಹೇಳಿದೆ. ಮಂಗಳವಾರ ನಾನೂ ಹೋಬರ್ಟ್ ಜೊತೆ ಹೋಗುತ್ತೇನೆ ಎಂದೆ. ಆಮೇಲೆ, ಕಪಾಟಿನ ಬೀಗದ ಕೈ ನನ್ನ ಹತ್ತಿರ ಇಲ್ಲ, ಎರಡೂ ಇಲ್ಲ ಎಂದೆ. ಲೈನ್ ಕಟ್ಟಾಯಿತೇನೋ ಎಂದು ಹೆಸರು ಹಿಡಿದು ಕರೆದೆ.

“ಇದೀನಿ,” ಎಂದಳು. “ನೀವಿಬ್ರೂ ಸೇರಿ ಆ ಮಾಂಸನ ಹಾಳು ಮಾಡ್ಬೇಡಿ. ಶನಿವಾರ ಬರ್ತೀನಿ. ಇರೋಕೆ ಬರ್ತೀನಿ ಅಂತ ಹೇಳ್ತಿಲ್ಲ. ಬರ್ತೀನಿ, ಅಷ್ಟೇ.”

ಶನಿವಾರಕ್ಕೆ ಇನ್ನು ಎರಡು ದಿನ ಇದೆ. ಅಡುಗೆಮನೆಯ ನೆಲ ಒರೆಸಬೇಕು.